ತಾಳಿಯಿಲ್ಲದ ಗಟ್ಟಿಮೇಳ

ನಮ್ಮ ಎದುರುಮನೆ ಈಗ ಮನೆಯಲ್ಲ, ಜಿಮ್ಮು. ಸಂಪಿಗೆ ಮರ ಕಡಿದು, ಮೂರು ಮಹಡಿ ಎಬ್ಬಿಸಿ, ಮುಂಭಾಗಕ್ಕೆಲ್ಲ ಗಾಜು ಹಾಕಿಸಿ, ಒಳಗೆ ದುಡ್ಡು ಕೊಟ್ಟು ಬೆವರುವ ಜನರನ್ನು ತುಂಬಿದ್ದಾರೆ. ನಮ್ಮ ಕಾಲದಲ್ಲಿ ಬನಶಂಕರಿಯವರು ಸಿಟಿ ಬಸ್ಸಿನ ಹಿಂದೆ ಓಡಿ ಪುಕ್ಕಟೆ ಬೆವರುತ್ತಿದ್ದರು. ಇರಲಿ, ಅವರವರ ಬೆವರು ಅವರವರಿಗೆ. ನನ್ನ ತಕರಾರು ಇರುವುದು ಶಬ್ದದ ಮೇಲೆ. ಬೆಳಗಿನ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಧಡಧಡ ಶುರುವಾಗುತ್ತದೆ. ಮೊದಲು ಸ್ಟ್ಯಾಂಡಿನಲ್ಲಿರುವ ಸ್ಟೀಲ್ ತಟ್ಟೆಗಳು ಅದುರುತ್ತವೆ, ಆಮೇಲೆ ಫಿಲ್ಟರಿನ ಮುಚ್ಚಳ ಅದುರುತ್ತದೆ, ಕೊನೆಗೆ ನಾನು ಅದುರುತ್ತೇನೆ.

ಕಳೆದ ವಾರ ಒಂದು ದಿನ ಇನ್ನು ತಡೆಯಲಾರೆ ಅನ್ನಿಸಿ, ಸ್ವೆಟರ್ ಏರಿಸಿ, ಚಪ್ಪಲಿ ಮೆಟ್ಟಿ ಜಗಳಕ್ಕೆ ಹೊರಟೆ. ನಾನು ಬ್ಯಾಂಕಿನ ಕೌಂಟರಿನ ಹಿಂದೆ ಆಯಸ್ಸು ಸವೆಸಿದವಳು, ಜಗಳ ನನಗೆ ಹೊಸದೇನಲ್ಲ. ಆಡಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಒಪ್ಪವಾಗಿ ಜೋಡಿಸಿಕೊಂಡು ಗೇಟಿನ ಚಿಲಕಕ್ಕೆ ಕೈ ಹಾಕಿದ್ದೇನೆ, ಎದುರಿನ ಧಡಧಡದ ನಡುವೆ ಒಂದು ಹೆಣ್ಣು ದನಿ ಕೇಳಿಸಿತು. "ಮೆಲ್ಲಗೆ… ಮೆಲ್ಲಗೆ… ಮೆಲ್ಲ ಮೆಲ್ಲ ಮೆಲ್ಲ ಮೆಲ್ಲ…" ಇಲಿಮರಿ ಕೀಚಲಿಟ್ಟ ಹಾಗೆ. ಅದೇ ಕ್ಷಣಕ್ಕೆ ನನ್ನ ತಲೆಯ ಮೇಲೆ, ನಮ್ಮ ಮನೆಯ ಮೊದಲನೇ ಮಹಡಿಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಕಿಟಕಿ ಮುಚ್ಚಿದವಳು ನನ್ನ ವಾರಗಿತ್ತಿ ಪ್ರಮೀಳ. ಎದುರಿನ ಜಿಮ್ಮಿನಲ್ಲಿ ಕೀಚಲಿಡುತ್ತಿದ್ದವಳೂ ಪ್ರಮೀಳಳೇ.

ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಹೇಗೂ ನಿಂತಿದ್ದೇನೆ, ನೀವೂ ಸ್ವಲ್ಪ ನಿಲ್ಲಿ, ಹೇಳುತ್ತೇನೆ.

ಎರಡು ಜಡೆ ಸೇರೋಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅವು ಸೇರಿವೆ, ಆದರೆ ಮಧ್ಯೆ ಒಂದು ಮಹಡಿ ಇದೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ನನ್ನ ಮೈದುನ ಮತ್ತು ಅವನ ಹೆಂಡತಿ ಪ್ರಮೀಳ, ಅದರ ಮೇಲೆ ಬಾಡಿಗೆಯವರು. ನಾನು ಹಿರಿಯ ಸೊಸೆ, ಆದ್ದರಿಂದ ಮಾತಾಡುವ ಹಕ್ಕು ನನ್ನದು. ಅವಳು ಕಿರಿಯವಳು, ಆದ್ದರಿಂದ ಹಾಡುವ ಕೆಲಸ ಅವಳದು. ಅವಳ ದನಿ ತಗ್ಗಿನದು, ದಪ್ಪ, ಬಿಸಿಹಾಲು ಚೆಂಬಿಗೆ ಬಗ್ಗಿಸಿದ ಹಾಗೆ ನಿಧಾನವಾಗಿ ತುಂಬಿಕೊಳ್ಳುವಂಥದು. ಕಛೇರಿಯ ಸಂಗೀತವಲ್ಲ, ಆರತಿ ಹಾಡು, ಮದುಮಕ್ಕಳನ್ನು ಹಸೆಮಣೆಗೆ ಕರೆಯುವ ಹಾಡು, ಅಷ್ಟೇ. ಅವಳ ತಾಯಿಯ ಕಡೆ ಅಜ್ಜಿಯೊಬ್ಬರು ಕಟ್ಟಿದ್ದೆನ್ನುವ ಒಂದು ಹಸೆಹಾಡಿದೆ. ಅದಕ್ಕೆ ಮೂರು ನುಡಿ. ಮೊದಲನೆಯ ನುಡಿಯಲ್ಲಿ ಮದುಮಗಳು ಹೊಸಿಲ ಬಳಿ ನಿಂತಿದ್ದಾಳೆ: "ಮೆಲ್ಲಗೆ ಅಡಿಯಿಡು ಮಗಳೆ, ಹೊಸಿಲು ನೊಂದೀತು." ಎರಡನೆಯದರಲ್ಲಿ ನೆರೆದವರ ನಡುವೆ ನಡೆದು ಬರುತ್ತಾಳೆ. ಮೂರನೆಯದರಲ್ಲಿ ಮಣೆಯ ಮೇಲೆ ಕೂರುತ್ತಾಳೆ. ಪದ್ಧತಿಯ ಪ್ರಕಾರ ಇದನ್ನು ಒಬ್ಬಳೇ ಹಾಡುವಂತಿಲ್ಲ. ಒಬ್ಬಳು ಹೇಳಬೇಕು, ಇನ್ನೊಬ್ಬಳು ಹಿಂದೆ ಹೇಳಬೇಕು. ಆ ಇನ್ನೊಬ್ಬಳು ನಾನು. ನನ್ನ ಕಂಠದ ವಿಷಯ ಕೇಳಬೇಡಿ, ನಾನು ಬಾಯಿ ತೆರೆದರೆ ಪಿತೃಪಕ್ಷ ಬಂತೆಂದು ಕಾಗೆಗಳು ಬಂದು ಕೂರುತ್ತವೆ.

ಇಂಥ ಹಾಡನ್ನು ಈಗಿನ ಮದುವೆಗಳಲ್ಲಿ ಕೇಳುವವರು ಯಾರು? ಛತ್ರದಲ್ಲಿ ಪ್ರಮೀಳ ಮೊದಲನೆಯ ನುಡಿ ಮುಗಿಸುವಷ್ಟರಲ್ಲಿ ಫೋಟೋದವನು "ಆಂಟಿ, ಸ್ವಲ್ಪ ಈ ಕಡೆ ನೋಡಿ" ಅನ್ನುತ್ತಾನೆ. ಎರಡನೆಯದಕ್ಕೆ ಬಾಯಿ ತೆರೆದರೆ ಪುರೋಹಿತರು ಗಡಿಯಾರ ನೋಡುತ್ತಾರೆ. ಅಷ್ಟರಲ್ಲಿ ಯಾರೋ ಮಾವ ಕೈಯೆತ್ತಿ ತೋರುಬೆರಳು ಆಡಿಸಿಬಿಡುತ್ತಾರೆ, ವಾಲಗದವರು ಗಟ್ಟಿಮೇಳ ಬಾರಿಸಿಬಿಡುತ್ತಾರೆ, ಹಾಡು ಅಲ್ಲಿಗೆ ಮುಳುಗುತ್ತದೆ. ಮೂರನೆಯ ನುಡಿಯನ್ನು ನಾನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ನನಗೇ ನೆನಪಿರಲಿಲ್ಲ. ಪ್ರತಿ ಮದುವೆಯಿಂದ ವಾಪಸು ಬರುವಾಗ ಆಟೋದಲ್ಲಿ ಪ್ರಮೀಳ ಮಾತಾಡುತ್ತಿರಲಿಲ್ಲ. ಊಟ ಜಾಸ್ತಿಯಾಯಿತೇನೋ ಅಂದುಕೊಂಡು ನಾನೂ ಸುಮ್ಮನಿರುತ್ತಿದ್ದೆ.

ಹೀಗಿರುವಾಗ ಎರಡನೇ ಮಹಡಿಗೆ ಋತ್ವಿಕ್ ಬಂದ. ವಿಲ್ಸನ್ ಗಾರ್ಡನ್ನಿನಲ್ಲಿ ಸ್ವಂತ ಮನೆಯಿದ್ದ ಹುಡುಗ, ಮೂವತ್ತರ ಹತ್ತಿರ. ಸ್ವಂತ ಮನೆ ಬಿಟ್ಟು ಬಾಡಿಗೆಗೆ ಯಾಕಪ್ಪ ಬರುತ್ತಾನೆ ಎಂದು ನಾವು ಕೇಳಬೇಕಿತ್ತು. ಕೇಳಲಿಲ್ಲ. ಏನು ಕೆಲಸ ಅಂದರೆ ಸೌಂಡ್ ಎಂಜಿನಿಯರ್ ಅಂದ. ನಮ್ಮ ಯಜಮಾನರಿಗೆ ಎಂಜಿನಿಯರ್ ಅನ್ನುವುದಷ್ಟೇ ರುಚಿಸಿತು. ಸಸ್ಯಾಹಾರಿಯಾ, ಸಿಗರೇಟು ಸೇದುತ್ತೀಯಾ, ನೀರು ಪೋಲು ಮಾಡುತ್ತೀಯಾ ಎಂದು ಬ್ಯಾಂಕಿನ ಸಾಲಕ್ಕೆ ಬಂದವನನ್ನು ಕೇಳುವ ಹಾಗೆ ನಾನು ಎಲ್ಲ ವಿಚಾರಿಸಿದೆ. ಶಬ್ದ ಮಾಡುತ್ತೀಯಾ ಎನ್ನುವುದೊಂದನ್ನು ಬಿಟ್ಟು. ಅವರಪ್ಪ ಅವನನ್ನು ಮನೆಯಿಂದ ಸಾಗಹಾಕಿದ್ದೇ ಶಬ್ದದ ಕಾರಣಕ್ಕೆ ಎಂದು ಆಮೇಲೆ ತಿಳಿಯಿತು.

ಬಂದ ವಾರದೊಳಗೆ ಒಂದು ಕೋಣೆಯ ಗೋಡೆಗೆಲ್ಲ ಸ್ಪಂಜು ಬಡಿದ. ಸ್ಪಂಜು ಸದ್ದನ್ನು ತಡೆಯುತ್ತದಂತೆ. ಏನು ತಡೆಯಿತೋ, ಮೆಟ್ಟಿಲ ಕಂಬಿ ಹಿಡಿದರೆ ಕೈ ಜುಮ್ಮೆನ್ನುತ್ತಿತ್ತು. ಒಂದು ಮಧ್ಯಾಹ್ನ ನಾನು ಮೇಲೆ ಹೋಗಿ ಬಾಗಿಲು ತಟ್ಟಿದೆ. ಅವನು ಬಾಗಿಲು ತೆರೆದ ಕೂಡಲೇ ನನ್ನ ಮುಖ ನೋಡಿ, ಕೈ ಹಿಂದೆ ಚಾಚಿ, ತಿರುಗಿಯೂ ನೋಡದೆ ವಾಲ್ಯೂಮ್ ತಿರುಪಿ ಇಳಿಸಿದ. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ.

"ಏನಪ್ಪ ಇದು?" ಅಂದೆ.

"ಡ್ರಮ್ ಅಂಡ್ ಬೇಸ್ ಆಂಟಿ. ವೋಕಲ್ ಡ್ರಮ್ ಅಂಡ್ ಬೇಸ್ ಮಾಡ್ಬೇಕು ಅಂತಿದೀನಿ. ಹಾಡು ಇರೋ ಥರದ್ದು."

"ಹಾಡೆಲ್ಲಿದೆ ಇದರಲ್ಲಿ?"

"ಅದನ್ನೇ ಹುಡುಕ್ತಿದೀನಿ ಆಂಟಿ," ಅಂದ. ಪಾಪ, ನಿಜವನ್ನೇ ಹೇಳಿದ್ದ.

ಅದೇನೆಂದು ಅವನು ನನಗೆ ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಡ್ರಮ್ಮು ಹುಚ್ಚು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತಿರಬೇಕು. ಅದರ ಕೆಳಗೆ ಬೇಸು ನಿಧಾನಕ್ಕೆ ಎದೆಗೂಡಿಗೆ ಗುದ್ದುತ್ತಿರಬೇಕು. ಹಾಡುವವರು ಇದ್ದರೆ ಇವೆರಡರ ಮಧ್ಯೆ ಎಲ್ಲಾದರೂ ಜಾಗ ಮಾಡಿಕೊಳ್ಳಬೇಕು, ಸಂಜೆ ಹೊತ್ತು ಬನಶಂಕರಿ ಬಸ್ಸಿನಲ್ಲಿ ನಿಂತ ಹಾಗೆ. ಇಷ್ಟನ್ನು ಕೇಳಿ ನನಗೆ ಹೊಳೆದದ್ದು ಒಂದೇ. ಇದು ನಮ್ಮ ಗಟ್ಟಿಮೇಳ. ವ್ಯತ್ಯಾಸ ಏನೆಂದರೆ ಗಟ್ಟಿಮೇಳಕ್ಕೆ ಒಂದು ಕಾರಣ ಇರುತ್ತದೆ. ತಾಳಿ ಕಟ್ಟುವ ಹೊತ್ತಿನಲ್ಲಿ ಯಾವ ಸೀನು, ಯಾವ ಅಪಶಬ್ದವೂ ಕಿವಿಗೆ ಬೀಳಬಾರದೆಂದು ಬಾರಿಸುತ್ತಾರೆ, ಮೂರು ಗಂಟು ಬಿದ್ದಮೇಲೆ ನಿಲ್ಲಿಸುತ್ತಾರೆ. ಇವನದು ತಾಳಿಯೇ ಇಲ್ಲದ ಗಟ್ಟಿಮೇಳ, ಹಾಗಾಗಿ ನಿಲ್ಲಿಸುವ ಪ್ರಶ್ನೆಯೂ ಇಲ್ಲ. ಇದನ್ನು ಅವನಿಗೆ ಹೇಳಿದೆ. ಮಂಗ, "ಸಖತ್ ಆಂಟಿ!" ಎಂದು ಖುಷಿಪಟ್ಟ.

ಅವನು ಹುಡುಕುತ್ತಿದ್ದ ಹಾಡು ಒಂದು ಮಹಡಿ ಕೆಳಗಿತ್ತು. ಪ್ರಮೀಳ ಬಟ್ಟೆ ಒಣಗಿಸುತ್ತಾ ಹಸೆಹಾಡು ಗುನುಗುವುದನ್ನು ಮೆಟ್ಟಿಲ ಮೇಲೆ ನಿಂತು ಕೇಳಿದ್ದಾನೆ. "ಪ್ರಮೀಳಾ ಆಂಟಿ, ಪ್ಲೀಸ್, ಒಂದೇ ಒಂದ್ಸಲ ಮೈಕಲ್ಲಿ ಹಾಡಿ" ಎಂದು ದುಂಬಾಲು ಬಿದ್ದ. ಅವಳು ಮುತ್ತೈದೆ ಅರಿಶಿನ ಕುಂಕುಮಕ್ಕೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಮೇಲಕ್ಕೆ ಹೋದಳು. ಹಿಂದೆ ಹೇಳುವುದಕ್ಕೆ ನಾನೂ ಹೋದೆ. ಋತ್ವಿಕ್ ನನ್ನನ್ನು ಬಹಳ ಮರ್ಯಾದೆಯಿಂದ ಬಾಗಿಲ ಹೊರಗೆ ಕೂರಿಸಿದ. ಸ್ಪಂಜಿನ ಕೋಣೆಯೊಳಗೆ ಅವಳು ಮೂರೂ ನುಡಿ ಹಾಡಿದಳಂತೆ, ಯಾರೂ ತಡೆಯಲಿಲ್ಲವಂತೆ. ಹೊರಬಂದಾಗ ಅವಳ ಮುಖ ಎಣ್ಣೆಸ್ನಾನ ಮಾಡಿದವರ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಬಂತು ರೆಕಾರ್ಡು. ಮೊದಲು ಫೋನಿನಲ್ಲಿ ಕೇಳಿಸಿದ. ನಾವು ಮೂವರೂ ನಮ್ಮ ಹಜಾರದಲ್ಲಿ ಕೂತಿದ್ದೆವು. ಧಡಧಡ, ಧಡಧಡ, ನಡುವೆ "ಮೆಲ್ಲಗೆ… ಮೆಲ್ಲಗೆ… ಮೆಲ್ಲ ಮೆಲ್ಲ ಮೆಲ್ಲ". ಆ ಬಂಗಾರದಂಥ ತಗ್ಗು ದನಿಯನ್ನು ಯಂತ್ರಕ್ಕೆ ಹಾಕಿ ಮೇಲಕ್ಕೆಳೆದು ಇಲಿಮರಿ ಮಾಡಿದ್ದ. ಅವಳು ಪದದ ತುದಿಯಲ್ಲಿ ಕೊಡುವ ಸಣ್ಣ ಬಳುಕನ್ನೆಲ್ಲ ಇಸ್ತ್ರಿ ಹೊಡೆದು ನೆಟ್ಟಗೆ ಮಾಡಿದ್ದ. ಮೆಲ್ಲಗೆ ಅನ್ನುವ ಮಾತನ್ನು ಹಿಡಿದು ಹೀಗೆ ದೌಡಾಯಿಸಿದವನನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಪ್ರಮೀಳ ತಲೆ ಓರೆ ಮಾಡಿಕೊಂಡು ಕೊನೆಯವರೆಗೂ ಕೇಳಿದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದಳು.

"ಮಿಕ್ಕಿದ್ದು ಎಲ್ಲಪ್ಪ?" ಎಂದು ಕೇಳಿದಳು.

"ಇಷ್ಟೇ ಆಂಟಿ. ಇದೇ ಹುಕ್ಕು. ಜನಕ್ಕೆ ಇದೇ ತಲೇಲಿ ಕೂತ್ಕೊಳ್ಳೋದು."

ಹುಕ್ಕು ಅಂದರೆ ನನಗೆ ಗೊತ್ತಿರುವುದು ರವಿಕೆಯದು, ಅದಾದರೂ ಏನನ್ನಾದರೂ ಮುಚ್ಚುತ್ತದೆ. ಇದನ್ನೂ ಅವನಿಗೆ ಹೇಳಿದೆ. ಪ್ರಮೀಳ ಮಾತ್ರ ನಗಲಿಲ್ಲ. ಅವನು ಮೇಲೆ ಹೋದ ಮೇಲೆ ಮೆಲುದನಿಯಲ್ಲಿ ಅಂದಳು, "ಅಕ್ಕ, ಹುಡುಗಿ ಹೊಸಿಲಲ್ಲೇ ನಿಂತ್ಬಿಟ್ಲು ನೋಡಿ. ಒಂದು ಕಾಲು ಎತ್ಕೊಂಡು ಹಂಗೇ ನಿಂತಿದಾಳೆ. ಒಳಗೆ ಕರೀಲೇ ಇಲ್ಲ ಯಾರೂ."

"ಅಯ್ಯೋ, ಹಾಡು ಕಣೇ ಅದು," ಅಂದೆ.

"ನನಗೆ ಗೊತ್ತು ಹಾಡು ಅಂತ. ಆದ್ರೂ ಶುರು ಮಾಡಿದ್ದನ್ನ ಒಂದ್ಸಲ ಮುಗಿಸ್ಬೇಕು ಅಕ್ಕ."

ಅಷ್ಟು ಹೇಳಿ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಆಟೋದಲ್ಲಿ ಅವಳು ಯಾಕೆ ಸುಮ್ಮನಿರುತ್ತಿದ್ದಳು ಎನ್ನುವುದು ಅವತ್ತು ನನಗೆ ಅರ್ಥವಾಯಿತು.

ಇಷ್ಟು ಸಾಲದೆಂದು ಋತ್ವಿಕ್ ಅದನ್ನು ಹಳೇ ಕಾಲದ ಗ್ರಾಮಫೋನಿನ ಕಪ್ಪು ತಟ್ಟೆಯಲ್ಲೂ ಒತ್ತಿಸಿ ತಂದ. ಈಗ ಅದೇ ಫ್ಯಾಷನ್ನಂತೆ. ಅದನ್ನು ಹಾಕಿ ಕೇಳುವ ಪೆಟ್ಟಿಗೆ ನಮ್ಮ ಮನೆಯಲ್ಲೂ ಇಲ್ಲ, ಅವನ ಹತ್ತಿರವೂ ಇರಲಿಲ್ಲ. ಕವರಿನ ಮೇಲೆ ಕಪ್ಪು ಕನ್ನಡಕ ಹಾಕಿದ, ಹಣೆಗೆ ಕಾಸಗಲ ಕುಂಕುಮ ಇಟ್ಟ, ಯಾರ ಮನೆಯವಳೋ ಗೊತ್ತಿಲ್ಲದ ಒಬ್ಬ ಹುಡುಗಿಯ ಚಿತ್ರ. ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಪ್ರಮೀಳಾ ಆಂಟಿ". ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಾನು ಅಂದರೆ, ನಮ್ಮ ಯಜಮಾನರು ಅದನ್ನು ಶೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ತೋರಿಸತೊಡಗಿದರು. ರಾಮನವಮಿ ಕಛೇರಿಗಳಲ್ಲಿ ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಪ್ಪು ತಾಳ ಹಾಕುವುದರಲ್ಲಿ ಅವರಿಗೆ ಬಹಳ ವರ್ಷದ ಅನುಭವ. ಫೋನಿನಲ್ಲಿ ಕೇಳುತ್ತಾ ಇದಕ್ಕೂ ಹಾಕಲು ಹೋಗಿ, ತೊಡೆ ಕೆಂಪಗಾಗಿ ಸುಮ್ಮನಾದರು.

ಒಂದು ದಿನ ಋತ್ವಿಕ್ ಹಲ್ಲು ಕಿರಿಯುತ್ತಾ ಕೆಳಗಿಳಿದು ಬಂದ. ಲೈವ್ ಶೋ ಇದೆಯಂತೆ. ಪ್ರಮೀಳಾ ಆಂಟಿ ಸ್ಟೇಜಿನ ಮೇಲೆ ಬರಬೇಕಂತೆ.

"ಲೈವ್ ಅಂದ್ರೆ ಪೂರ್ತಿ ಹಾಡಬಹುದಾ?" ಪ್ರಮೀಳ ಕೇಳಿದ್ದು ಅದೊಂದೇ.

"ಖಂಡಿತ ಆಂಟಿ! ಮಧ್ಯದಲ್ಲಿ ಗ್ಯಾಪ್ ಕೊಡ್ತೀನಿ. ಅವಾಗ ನೀವು ಫುಲ್ ಹಾಡಿ."

ಹಾಗಾದರೆ ಬರುತ್ತೇನೆಂದಳು. ಒಬ್ಬಳನ್ನೇ ಕಳಿಸುವುದುಂಟೇ ಎಂದು ನಾನೂ ಬಿಸಿನೀರಿನ ಫ್ಲಾಸ್ಕು ಹಿಡಿದು ಹೊರಟೆ.

ಭಾನುವಾರದ ಮಧ್ಯಾಹ್ನ. ಜಾಗ ಕನಕಪುರ ರಸ್ತೆಯಲ್ಲಿ, ಜರಗನಹಳ್ಳಿ ದಾಟಿ. ಆಟೋ ಇಳಿದು ನೋಡಿದರೆ ನಮಗಿಬ್ಬರಿಗೂ ಗೊತ್ತಿರುವ ಕಲ್ಯಾಣ ಮಂಟಪ! ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆ ನಡೆದದ್ದು ಅಲ್ಲೇ. ಹಳ್ಳಿಯ ಜಮೀನುದಾರರೊಬ್ಬರು ಕಟ್ಟಿಸಿದ್ದು. ಮದುವೆಗಳೆಲ್ಲ ರೆಸಾರ್ಟಿಗೆ ಓಡಿದ ಮೇಲೆ ಅವರ ಮಗ ಗೋಡೆಗೆ ಕಪ್ಪು ಬಣ್ಣ ಬಳಿದು, ಹೊರಗೆ ಇಂಗ್ಲಿಷ್ ಹೆಸರು ಹಾಕಿ, ಇದನ್ನು ಹಾಡು ಕುಣಿತದ ವೆನ್ಯೂ ಮಾಡಿದ್ದ. ಊಟದ ಮನೆಯಲ್ಲಿ ಕೈತೊಳೆಯುವ ನಲ್ಲಿಗಳ ಸಾಲು ಹಾಗೇ ಇತ್ತು, ಅದರ ಮುಂದೆ ಹುಡುಗರು ಬಿಯರ್ ಹಿಡಿದು ನಿಂತಿದ್ದರು. ಪ್ರಮೀಳಳಿಗೆ ತಯಾರಾಗಲು ಕೊಟ್ಟ ಕೋಣೆಯ ಬಾಗಿಲ ಮೇಲೆ "ವಧುವಿನ ಕೋಣೆ" ಎನ್ನುವ ಹಳೆಯ ಬೋರ್ಡು ಇನ್ನೂ ನೇತಾಡುತ್ತಿತ್ತು. ಅದನ್ನು ನೋಡಿ ಅವಳು ಒಳಗೊಳಗೇ ನಕ್ಕಳು. ನನಗೆ ನಗು ಬರಲಿಲ್ಲ, ಕನ್ನಡಿಯ ಮೇಲೆಲ್ಲ ಯಾರೋ ಸ್ಟಿಕ್ಕರ್ ಅಂಟಿಸಿದ್ದರು.

ಲೈವ್ ಎಂದರೆ ಏನೋ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಮದುಮಕ್ಕಳು ಕೂರುತ್ತಿದ್ದ ಅದೇ ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಒಂದು ಪೆಟ್ಟಿಗೆ. ಋತ್ವಿಕ್ ಗುಂಡಿ ಒತ್ತುತ್ತಾನೆ, ಕೈ ಎತ್ತುತ್ತಾನೆ. ತಿರುಪು ತಿರುಗಿಸುತ್ತಾನೆ, ಮತ್ತೆ ಕೈ ಎತ್ತುತ್ತಾನೆ. ನಡುನಡುವೆ ಮೇಜಿನ ಮೇಲಿದ್ದ ಮೈಕು ತೆಗೆದು "ಕೈ ಎತ್ರೋ ಬೆಂಗಳೂರು!" ಎಂದು ಕಿರುಚುತ್ತಾನೆ. ಇಷ್ಟೇ ವಿದ್ಯೆ. ನಮ್ಮ ಮನೆಯ ಮಿಕ್ಸಿಯನ್ನು ನಾನು ದಿನಾ ಲೈವಾಗಿ ನುಡಿಸುತ್ತೇನೆ, ಒಬ್ಬನೂ ಶಿಳ್ಳೆ ಹೊಡೆದವನಿಲ್ಲ. ಕೆಳಗೆ ಸೇರಿದ್ದವರೆಲ್ಲ ಬಿಟಿಎಂ, ಜೆಪಿ ನಗರದ ಕಡೆಯ ಹುಡುಗ ಹುಡುಗಿಯರು, ತುಳಿದ ಜಾಗದಲ್ಲೇ ತುಳಿಯುತ್ತಿದ್ದರು. ನಾನು ವೇದಿಕೆಯ ಪಕ್ಕದ ಮೆಟ್ಟಿಲ ಬಳಿ, ಕಿವಿಗೆ ಸೆರಗು ತುರುಕಿ ನಿಂತಿದ್ದೆ.

ಪ್ರಮೀಳಳನ್ನು ಕರೆದರು. ಹಸಿರು ರೇಷ್ಮೆ ಸೀರೆ, ಮೈಸೂರು ಮಲ್ಲಿಗೆ, ಕೈಯಲ್ಲಿ ಒಂದು ಮೈಕು. ಜನ ಕೂಗಿದರು. ಇಲಿಮರಿ ಪೆಟ್ಟಿಗೆಯೊಳಗಿಂದ "ಮೆಲ್ಲಗೆ ಮೆಲ್ಲಗೆ" ಅನ್ನತೊಡಗಿತು. ಅವಳು ನಗುನಗುತ್ತಲೇ ಕಾದಳು. ನಮ್ಮಲ್ಲಿ ಒಂದು ಹಾಡು ಮುಗಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಹಾಡುವವರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಇನ್ನೊಂದು ಹಾಡು. ಇಲ್ಲಿ ಒಂದರ ಬಾಲಕ್ಕೆ ಇನ್ನೊಂದರ ಮೂತಿ ಅಂಟಿಸಿದ್ದಾರೆ. ಮುಗಿಯುವುದೇ ಇಲ್ಲ. ಅವನು ಹೇಳಿದ್ದ ಗ್ಯಾಪು ಈಗ ಬಂತು, ಇನ್ನೇನು ಬಂತು ಎಂದು ಅವಳು ಮೈಕು ಬಾಯಿಗೆ ತಂದು ಮತ್ತೆ ಇಳಿಸುತ್ತಿದ್ದಳು. ಋತ್ವಿಕ್ ತನ್ನ ಗುಂಗಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ.

ಕೊನೆಗೆ ಅವಳು ಛತ್ರದ ಪದ್ಧತಿಯನ್ನೇ ಮಾಡಿದಳು. ತಾಳಿ ಕಟ್ಟಿ ಆದಮೇಲೆ ವಾಲಗದವರಿಗೆ ಸಾಕು ನಿಲ್ಲಿಸಿ ಎಂದು ಹಿರಿಯರು ಅಂಗೈ ಎತ್ತಿ ತೋರಿಸುತ್ತಾರಲ್ಲ, ಹಾಗೆ ಬಲಗೈ ಎತ್ತಿ ಅಂಗೈ ತೋರಿಸಿದಳು. ಅಯ್ಯೋ ಶಿವನೇ! ಕೆಳಗಿದ್ದ ಅಷ್ಟೂ ಜನ ಕೈಯೆತ್ತಿ ಅಂಗೈ ತೋರಿಸಿದರು. ಅವಳು ಗಾಬರಿಯಾಗಿ ಕೈಯನ್ನು ಆ ಕಡೆ ಈ ಕಡೆ ಬೀಸಿದಳು. ಅವರೂ ಬೀಸಿದರು, ಗದ್ದೆಯ ಪೈರಿನ ಹಾಗೆ. ಅವಳು ಸೋತು ಹಾಡಲು ಶುರುಮಾಡಿದಳು. ತುಟಿ ಆಡುತ್ತಿದೆ, ಕತ್ತಿನ ನರ ಕಾಣುತ್ತಿದೆ, ದನಿ ಇಲ್ಲ. ಅವಳ ಕೈಗೆ ಕೊಟ್ಟಿದ್ದ ಮೈಕು ಸತ್ತ ಮೈಕು. ಬರೀ ಕೈಯಲ್ಲಿ ಹಿಡಿದು ನಿಲ್ಲುವುದಕ್ಕೆ, ನೋಡುವವರ ಕಣ್ಣಿಗೆ ಚೆನ್ನಾಗಿರಲಿ ಎಂದು. ಅದು ಅವಳಿಗೂ ಗೊತ್ತಾಯಿತು. ನನ್ನ ಕಡೆ ತಿರುಗಿ ನೋಡಿದಳು. ಆಟೋದಲ್ಲಿ ಕಾಣುತ್ತಿದ್ದ ಅದೇ ಮುಖ.

ನನಗೆ ಎಲ್ಲಿತ್ತೋ ಸಿಟ್ಟು. ಫ್ಲಾಸ್ಕನ್ನು ಅಲ್ಲೇ ಇಟ್ಟು, ಮಂಡಿನೋವನ್ನು ಮರೆತು ಮೆಟ್ಟಿಲು ಹತ್ತಿದೆ. ಮೇಜಿನ ಮೇಲಿದ್ದ ಅವನ ಕಿರುಚುವ ಮೈಕು ಎತ್ತಿಕೊಂಡೆ. ಅದು ಬದುಕಿತ್ತು.

"ಏಯ್, ನಿಲ್ಸಯ್ಯಾ ಮೊದ್ಲು! ಏನ್ ತಿಳ್ಕೊಂಡಿದೀಯಾ? ಮನೆ ಹೆಣ್ಮಗಳನ್ನ ಕರ್ಕೊಂಡ್ಬಂದು ಗೊಂಬೆ ಥರ ನಿಲ್ಸಿದೀಯಲ್ಲ! ನಿಲ್ಸು ಅಂದೆ!"

ನನ್ನ ಕಾಗೆ ದನಿ ಆ ಸ್ಪೀಕರುಗಳಲ್ಲಿ ನೂರು ಕಾಗೆಯಾಗಿ ಹೊರಟಿತು. ಆಗ ನಡೆದದ್ದನ್ನು ನೀವು ನಂಬಬೇಕು. ಋತ್ವಿಕ್ ಕಣ್ಣನ್ನೂ ಬಿಡಲಿಲ್ಲ, ಅವನ ಕೈ ತಾನಾಗಿ ಹೋಗಿ ವಾಲ್ಯೂಮ್ ಇಳಿಸಿಬಿಟ್ಟಿತು. ಬೆಂಗಳೂರಿನಲ್ಲಿ ಬಾಡಿಗೆಗಿರುವ ಯಾವನೇ ಆಗಲಿ, ಓನರ್ ಆಂಟಿಯ ದನಿ ಕೇಳಿದರೆ ಕೈ ಅದೊಂದೇ ಕಡೆಗೆ ಹೋಗುವುದು. ಅವನೊಬ್ಬನೇ ಅಲ್ಲ, ಕೆಳಗಿದ್ದವರೂ ಗಪ್‌ಚಿಪ್. ಅವರೂ ಬಾಡಿಗೆ ಮಕ್ಕಳೇ ತಾನೆ? ಒಂದಿಬ್ಬರು ಕೈಯಲ್ಲಿದ್ದ ಬಿಯರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದನ್ನು ನಾನೇ ಕಣ್ಣಾರೆ ಕಂಡೆ.

ಮೈಕನ್ನು ಪ್ರಮೀಳಳ ಕೈಗೆ ಕೊಟ್ಟೆ. "ಹಾಡೇ," ಅಂದೆ.

"ನೀವು ಹಿಂದೆ ಹೇಳ್ಬೇಕು ಅಕ್ಕ. ಒಬ್ಳೇ ಹಾಡಬಾರದು."

"ನನ್ನ ದನಿ ಇವರ ಕಿವಿಗೆ…"

"ಹೇಳಿ ಅಕ್ಕ."

ಹಾಡಿದಳು. ಯಂತ್ರವಿಲ್ಲ, ಡ್ರಮ್ಮಿಲ್ಲ, ಅವಳ ತಗ್ಗಿನ ದನಿ ಆ ಕಪ್ಪು ಗೋಡೆಗಳ ಮಧ್ಯೆ ನಿಧಾನವಾಗಿ ತುಂಬಿ ಬಂತು. "ಮೆಲ್ಲಗೆ ಅಡಿಯಿಡು ಮಗಳೆ, ಹೊಸಿಲು ನೊಂದೀತು." ಪ್ರತಿ ಸಾಲನ್ನೂ ನಾನು ಹಿಂದೆ ಹೇಳಿದೆ, ನಡುವೆ ಒಂದು ಸಲ ಕೆಮ್ಮಿದೆ. ಎರಡನೆಯ ನುಡಿಗೆ ಯಾರೂ "ಆಂಟಿ ಈ ಕಡೆ" ಅನ್ನಲಿಲ್ಲ. ಮೂರನೆಯದು ಬಂತು. "ಕೂತುಕೋ ಮಗಳೆ, ಕಾಲು ದಣಿದಾವು, ಇದು ನಿನ್ನದೇ ಮಣೆ." ಇದನ್ನು ಹಿಂದೆ ಹೇಳುವಾಗ ನಾನು ತಡವರಿಸಿದೆ. ನಾನು ಅಳುಬುರುಕಿಯಲ್ಲ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಹಾಡು ಮುಗಿಯಿತು. ಚಪ್ಪಾಳೆ ಇಲ್ಲ. ಆ ಮಕ್ಕಳ ಸಂಗೀತದಲ್ಲಿ ಯಾವುದೂ ಮುಗಿಯುವುದೇ ಇಲ್ಲವಲ್ಲ, ಮುಗಿದಾಗ ಏನು ಮಾಡಬೇಕೆಂದು ಅವರಿಗೆ ಹೇಗೆ ಗೊತ್ತಿರಬೇಕು? ಪ್ರಮೀಳ ಸೆರಗಿನಿಂದ ಮುಖ ಒರೆಸಿಕೊಂಡು, ಋತ್ವಿಕನ ಕಡೆ ತಿರುಗಿ, ಮದುವೆಮನೆಯ ಮಾವಂದಿರ ಹಾಗೆ ತೋರುಬೆರಳೆತ್ತಿ ಆಡಿಸಿದಳು.

"ಹ್ಞೂಂ, ಈಗ ಬಾರ್ಸಪ್ಪ ಗಟ್ಟಿಮೇಳ."

ಬಾರಿಸಿದ. ಛತ್ರದ ತಾರಸಿ ಹಾರಿಹೋಗುವ ಹಾಗೆ ಬಾರಿಸಿದ. ನಾವಿಬ್ಬರೂ ಕಿವಿ ಮುಚ್ಚಿಕೊಂಡು ವಧುವಿನ ಕೋಣೆಗೆ ಓಡಿದೆವು.

ಹೊರಡುವಾಗ ಋತ್ವಿಕ್ ಕೈಮುಗಿದುಕೊಂಡು ಬಂದ. ಮೈಕು ತೆರೆದೇ ಇದ್ದದ್ದರಿಂದ ನಡೆದದ್ದೆಲ್ಲ ರೆಕಾರ್ಡಾಗಿದೆಯಂತೆ, ಅದನ್ನು ಹೊರಗೆ ಬಿಡಬಹುದಾ ಎಂದು ಕೇಳಿದ. "ಬಿಡು. ಕತ್ತರಿಸಬೇಡ," ಎಂದಳು ಪ್ರಮೀಳ. "ಇಲ್ಲ ಆಂಟಿ, ಪ್ರಾಮಿಸ್" ಅಂದ. ಇವನ ಪ್ರಾಮಿಸ್ಸಿನ ಗ್ಯಾಪನ್ನು ನಾನು ಆಗಲೇ ನೋಡಿದ್ದೆನಲ್ಲ! ಕತ್ತರಿ ಹಿಡಿದ ಕೈ ಸುಮ್ಮನಿರುತ್ತದೆಯೇ ಎಂದು ಅವಳಿಗೆ ಹೇಳಿದೆ. ಸ್ವಲ್ಪ ದಿನಕ್ಕೆ ಅವನು ಮನೆ ಖಾಲಿ ಮಾಡಿ ಬಿಟಿಎಂ ಕಡೆ ಹೋದ. ಅಲ್ಲಿಂದ ಪ್ರಮೀಳಳ ಫೋನಿಗೆ ಅದನ್ನು ಕಳಿಸಿದ. ಅವಳು ಒತ್ತಲಿಲ್ಲ.

"ಕೇಳಬಾರದೇನೇ?" ಎಂದರೆ, "ಕೇಳಿದ್ರೆ ಗೊತ್ತಾಗೋಗತ್ತಲ್ಲ ಅಕ್ಕ. ಅವತ್ತು ಮುಗಿಸಿದೀನಿ, ಅದೇ ಇರ್ಲಿ" ಅಂದಳು. ನಾನೂ ಕೇಳಲಿಲ್ಲ. ಕತ್ತರಿಸಿರುತ್ತಾನೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಸರಿ, ಮತ್ತೆ ಗೇಟಿನ ಹತ್ತಿರ ಬನ್ನಿ. ಇಲಿಮರಿ ಇನ್ನೂ ಕೀಚಲಿಡುತ್ತಿತ್ತು, ಮೇಲಿನ ಕಿಟಕಿ ಮುಚ್ಚಿತ್ತು. ಅರ್ಧ ಸಾಲನ್ನು ಹಿಡಿದು ಬೆಳಗಿನ ಹೊತ್ತಿನಲ್ಲೇ ಅವಳನ್ನು ಕಿಟಕಿ ಮುಚ್ಚುವ ಹಾಗೆ ಮಾಡುತ್ತಾರಲ್ಲ ಎಂದು ನನ್ನ ಸಿಟ್ಟು ಇನ್ನಷ್ಟು ಏರಿತು. ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಗಾಜಿನ ಬಾಗಿಲು ತಳ್ಳಿದೆ. ಟ್ರೇನರ್ ಹುಡುಗಿ ಓಡಿಬಂದಳು.

"ಬನ್ನಿ ಆಂಟಿ, ಅಡ್ಮಿಶನ್ನಾ? ಸೀನಿಯರ್ಸ್ ಬ್ಯಾಚಿದೆ."

ನಾನು ಬಾಯಿ ತೆರೆಯುವ ಮೊದಲೇ ನನ್ನ ದನಿ ಕೇಳಿಸಿತು. "ಏಯ್, ನಿಲ್ಸಯ್ಯಾ ಮೊದ್ಲು!" ಗೋಡೆಯ ಸ್ಪೀಕರಿನಿಂದ. ಧಡಧಡ ನಿಂತಿತು. ಒಳಗಿದ್ದ ಗಂಡಸರು ಹೆಂಗಸರು ಅಷ್ಟೂ ಜನ ಠಣಠಣ ಎಂದು ತೂಕ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಉಸಿರುಬಿಟ್ಟರು.

"ಇದು ರೆಸ್ಟ್ ಟೈಮು ಆಂಟಿ," ಎಂದು ಹುಡುಗಿ ವಿವರಿಸಿದಳು. "ಈ ಆಂಟಿ ಬೈದ ತಕ್ಷಣ ತೂಕ ಇಳಿಸ್ಬೇಕು. ಹಾಡು ಮುಗಿಯೋವರ್ಗೂ ರೆಸ್ಟು. ನಮ್ಮಲ್ಲಿ ಎಲ್ರಿಗೂ ಅಭ್ಯಾಸ ಆಗಿದೆ."

ಬೈದ ಆಂಟಿ ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತಳು. ಬರೀ ಗಂಟಲಿನ ಹಾಡು ಆ ದಪ್ಪ ಗಾಜನ್ನು ದಾಟಿ ರಸ್ತೆಯಾಚೆ ಬರುವಂಥದಲ್ಲ, ಅದಕ್ಕೇ ನಮಗೆ ಇಷ್ಟು ದಿನ ಕೇಳಿಸಿರಲಿಲ್ಲ. ಈಗ ಎಲ್ಲಿ ಕತ್ತರಿ ಬೀಳುತ್ತದೋ ಎಂದು ಉಸಿರು ಬಿಗಿಹಿಡಿದು ಕೇಳಿದೆ. ಮೊದಲನೆಯ ನುಡಿ ಹೋಯಿತು. ಎರಡನೆಯದೂ ಹೋಯಿತು. ನನ್ನ ಕೆಮ್ಮು ಹಾಗೇ ಇತ್ತು, ದನಿಗೆ ಇಸ್ತ್ರಿ ಹೊಡೆದಿರಲಿಲ್ಲ. "ಇದು ನಿನ್ನದೇ ಮಣೆ" ಎನ್ನುವ ಕೊನೆಯ ಸಾಲೂ ಬಂತು, ಅದರ ಹಿಂದೆಯೇ ನನ್ನ ತಡವರಿಕೆ. ಕಳ್ಳ, ಕೊಟ್ಟ ಮಾತು ಉಳಿಸಿಕೊಂಡಿದ್ದ. "ಹ್ಞೂಂ, ಈಗ ಬಾರ್ಸಪ್ಪ ಗಟ್ಟಿಮೇಳ" ಎಂದದ್ದೇ ಎಲ್ಲರೂ ಬಗ್ಗಿ ಮತ್ತೆ ತೂಕ ಎತ್ತಿದರು.

"ಏನೋ ಹೇಳೋಕ್ ಬಂದ್ರಿ ಆಂಟಿ?"

"ಹೌದು," ಅಂದೆ. "ಹಾಡು ಬಂದಾಗ ಸ್ವಲ್ಪ ಬಾಗಿಲು ತೆಗೆದಿಡಮ್ಮ. ಎದುರುಮನೆಗೆ ಕೇಳ್ಸಲ್ಲ."

ಈ ಸಂಗೀತ ನನಗೆ ಇಂದಿಗೂ ಧಡಧಡವೇ. ಅದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆಗುವುದೂ ಇಲ್ಲ. ಆದರೆ ವಾಪಸು ರಸ್ತೆ ದಾಟುವಾಗ ನನ್ನ ಮಂಡಿನೋವು ನೆನಪಿಗೆ ಬರಲಿಲ್ಲ. ಪ್ರಮೀಳ ಮೊದಲನೇ ಮಹಡಿಯ ಮೆಟ್ಟಿಲ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

"ಏನಂದ್ರು ಅಕ್ಕ? ಕಮ್ಮಿ ಮಾಡ್ತಾರಂತಾ?"

"ಇಲ್ಲ. ನಾಳೆಯಿಂದ ನೀನು ಕಿಟಕಿ ಮುಚ್ಬೇಡ. ಕತ್ತರಿಸಿಲ್ಲ ಕಣೇ ಅವನು."

ಅವಳು ನನ್ನ ಮುಖವನ್ನೇ ನೋಡಿದಳು.

"ಮೂರನೇ ನುಡಿವರ್ಗೂ?"

"ಮೂರನೇ ನುಡಿವರ್ಗೂ. ಅದು ಮುಗಿಯೋತನಕ ಅಲ್ಲಿ ಒಬ್ರೂ ತೂಕ ಮುಟ್ಟಲ್ಲ."

ಪ್ರಮೀಳ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ, ನಿಂತಿದ್ದ ಮೆಟ್ಟಿಲ ಮೇಲೇ ಮೆಲ್ಲಗೆ ಕೂತುಕೊಂಡಳು.